ಡಾಂಬರಿನಡಿಯ ನೆರಳು

ಎಳ್ಳು ಕೊಯ್ದು, ಕಟ್ಟು ಕಟ್ಟಿ, ಹೊಲದಲ್ಲಿ ಒಣಗಲು ನಿಲ್ಲಿಸಿದ ಕಾಲ. ಮಳೆ ನಿಂತು ಸ್ವಲ್ಪ ದಿನ ಆಗಿತ್ತು. ಬಿಸಿಲು ನೆತ್ತಿಗೆ ಬಂದಿತ್ತು. ಆ ಹೊತ್ತಿನಲ್ಲಿ ನಮ್ಮೂರ ತಿರುವಿನಲ್ಲಿ ಕ್ರಿಸ್ಪಿನ್ ಬಿದ್ದ.

ನಾನು ನೋಡಿದೆ. ನನ್ನ ಪಂಕ್ಚರ್ ಅಂಗಡಿ ಇದ್ದದ್ದು ಅದೇ ತಿರುವಿನಲ್ಲಿ. ರಸ್ತೆಯ ಈ ಕಡೆ ಅಂಗಡಿ, ಆ ಕಡೆ ಹುಣಸೆ ಮರ. ನಡುವೆ ಅವನು ಬಿದ್ದ. ನಾನು ಹೆಚ್ಚು ಓದಿದವನಲ್ಲ. ಆದರೆ ಕಣ್ಣಾರೆ ಕಂಡದ್ದನ್ನು ಹೇಳಲು ಓದು ಬೇಡ.

ನಮ್ಮೂರು ಎಲ್ ಕರೀಸೋ. ನಾವು ಮೆಕ್ಸಿಕೋದ ಈ ಕರಾವಳಿಯ ಕರಿಯರು. ನಮ್ಮ ಮುತ್ತಜ್ಜಂದಿರನ್ನು ಯಾವ ಹಡಗಿನಲ್ಲಿ ತಂದರೋ ನಮಗೆ ಗೊತ್ತಿಲ್ಲ. ನಾವು ಹುಟ್ಟಿದ್ದು ಇಲ್ಲೇ, ಹೂಳಿಸಿಕೊಳ್ಳುವುದೂ ಇಲ್ಲೇ. ಆದರೂ ಬಸ್ಸಿನಲ್ಲಿ ಪೊಲೀಸರು ನಮ್ಮನ್ನು ಮಾತ್ರ ಇಳಿಸುತ್ತಾರೆ. "ನೀನು ಮೆಕ್ಸಿಕೋದವನಾದ್ರೆ ರಾಷ್ಟ್ರಗೀತೆ ಹಾಡು" ಅನ್ನುತ್ತಾರೆ. ಹಾಡುತ್ತೇವೆ. ಒಂದು ಸಾಲು ತಪ್ಪಿದರೆ ಗಡಿಯಾಚೆಯವರು ಅಂತ ಠಾಣೆಗೆ ಎಳೆಯುತ್ತಾರೆ. ಕ್ರಿಸ್ಪಿನ್‌ನನ್ನೂ ಹೀಗೆ ಇಳಿಸಿದ್ದರು. ಅವನು ಬಸ್ಸಿನ ಬಾಗಿಲಲ್ಲಿ ನಿಂತು ಪೂರ್ತಿ ಹಾಡಿ, ಕೊನೆಗೆ "ಇನ್ನೊಂದ್ಸಲ ಹಾಡ್ಲಾ ಸಾಹೇಬ್ರೇ, ನಿಮಗೂ ಬಾಯಿಪಾಠ ಆಗ್ಲಿ" ಅಂದನಂತೆ. ಅದಕ್ಕೆ ಬಿದ್ದ ಪೆಟ್ಟಿನ ಗುರುತು ಅವನ ಹುಬ್ಬಿನ ಮೇಲಿತ್ತು.

ಅವನು ತೆಯೋದೋರಾಳ ಮಗ. ಒಬ್ಬನೇ ಮಗ. ತೆಯೋದೋರಾ ಮೀನು ಒಣಗಿಸಿ ಮಾರುವವಳು.

ಊರ ಹಿಂದೆ ಟೈರಿನ ಗುಡ್ಡ ಇತ್ತು. ಎಲ್ಲೆಲ್ಲಿಂದಲೋ ಲಾರಿಯಲ್ಲಿ ತಂದು ಸುರಿದಿದ್ದರು. ಸುರಿಯುವ ಮೊದಲು ನಮ್ಮನ್ನು ಯಾರೂ ಕೇಳಲಿಲ್ಲ. ಮಳೆ ಬಂದರೆ ಒಂದೊಂದು ಟೈರೂ ಒಂದೊಂದು ಬಾನಿ. ನೀರು ನಿಲ್ಲುತ್ತಿತ್ತು, ಸೊಳ್ಳೆ ಏಳುತ್ತಿತ್ತು, ಜ್ವರ ಬರುತ್ತಿತ್ತು. ಮೂಳೆ ಮುರಿಯುವಂಥ ಜ್ವರ. ಮಕ್ಕಳು ಸತ್ತವು. ಕಚೇರಿಗೆ ಹೋಗಿ ಕೂತೆವು, ಎದ್ದು ಬಂದೆವು. ಗುಡ್ಡ ಬೆಳೆಯಿತು.

ಆಮೇಲೆ ಕಂಪನಿ ಬಂತು. ಹಳೇ ಟೈರು ಅರೆದು ಡಾಂಬರಿಗೆ ಬೆರೆಸಿ ರಸ್ತೆ ಹಾಸುತ್ತಾರಂತೆ. ಬಿರುಕು ಬಿಡುವುದಿಲ್ಲ, ಗುಂಡಿ ಬೀಳುವುದಿಲ್ಲ, ವಾಹನ ಹೋದರೆ ಸದ್ದೇ ಬರುವುದಿಲ್ಲ. ಹಸಿರು ಬೋರ್ಡು ನೆಟ್ಟರು. ನಮಗೂ ಸಂತೋಷ ಆಯಿತು, ಸುಳ್ಳು ಯಾಕೆ ಹೇಳಲಿ. ನಮ್ಮ ಜ್ವರವನ್ನು ಅರೆದು ರಸ್ತೆಗೆ ಸುರಿಯುತ್ತಾರೆ, ಪೀಡೆ ತೊಲಗಲಿ ಅಂದುಕೊಂಡೆವು.

ಅರೆಯುವುದು ಯಂತ್ರ. ಅದಕ್ಕೆ ಮೊದಲು ಟೈರಿನ ಅಂಚಿನಿಂದ ಉಕ್ಕಿನ ತಂತಿ ಕಿತ್ತು ತೆಗೆಯಬೇಕು. ಅದು ನಮ್ಮ ಹೆಂಗಸರ ಕೆಲಸ. ಟೈರಿನ ಮೇಲೆ ಮಂಡಿ ಊರಿ, ಕೊಕ್ಕೆ ಹಾಕಿ, ಸೊಂಟದಿಂದ ಎಳೆಯಬೇಕು. ತಂತಿ ಬಿಡುವಾಗ ಹಾವಿನ ಹಾಗೆ ಹಾರುತ್ತದೆ. ಅಂಗೈ ಸೀಳುತ್ತದೆ. ಅರೆದ ರಬ್ಬರು ಕಾಫಿಪುಡಿಯ ಹಾಗೆ ಉದುರುತ್ತದೆ. ಹೆಂಗಸರು ಸೀನಿದರೆ ಕಪ್ಪು, ಉಗುಳಿದರೆ ಕಪ್ಪು. ಎಳೆಗೂಸಿನ ತಾಯಂದಿರು ಮೊಲೆ ತೊಳೆದೇ ಹಾಲು ಕೊಡಬೇಕು.

ಗಂಡಸರಿಗೆ ರಸ್ತೆ. ಯಂತ್ರ ನಡೆಸುವವರು ಪಟ್ಟಣದವರು. ಅವರ ಕಾಲಿಗೆ ಬೂಟು, ಮೂತಿಗೆ ಮಾಸ್ಕು. ನಮ್ಮವರ ಕೈಗೆ ಉದ್ದ ಹಿಡಿಯ ಕಬ್ಬಿಣದ ಕುಂಟೆ. ಯಂತ್ರ ಸುರಿದ ಬಿಸಿ ಮಾಲನ್ನು ಅಂಚಿನಲ್ಲಿ ಎಳೆದು ಸಮ ಮಾಡಬೇಕು. ಬರೀ ಡಾಂಬರಿಗಿಂತ ರಬ್ಬರು ಬೆರೆತ ಡಾಂಬರು ಹೆಚ್ಚು ಕಾಯಬೇಕು. ಅದರ ಹೊಗೆ ನೀಲಿ. ಗಂಟಲಲ್ಲಿ ಕೊಕ್ಕೆ ಹಾಕಿದ ಹಾಗೆ ಹಿಡಿಯುತ್ತದೆ.

ಕ್ರಿಸ್ಪಿನ್ ಮಾಸ್ಕು ಕೇಳಿದ. ಮೇಸ್ತ್ರಿ ಇಲಾರಿಯೋ ನಕ್ಕ. ಅವನು ಪಟ್ಟಣದವನು, ಬಿಳಿಚಿಕೊಂಡ ಮುಖದವನು.

"ನಿಮಗ್ಯಾಕೋ ಮಾಸ್ಕು? ನಿಮ್ಮನ್ನ ಹೊಗೇಲೇ ಸುಟ್ಟು ತೆಗ್ದವ್ನೆ ದೇವ್ರು. ನಿಮ್ಮ ಬಣ್ಣಕ್ಕೆ ಇನ್ನೇನು ಅಂಟುತ್ತೆ?"

"ಬಣ್ಣಕ್ಕಲ್ಲ ಮೇಸ್ತ್ರಿ, ಎದೆಗೆ ಅಂಟುತ್ತೆ" ಅಂದ ಕ್ರಿಸ್ಪಿನ್.

"ಎದೆ ಮನೇಲಿಟ್ಟು ಬಾ."

ಬೂಟನ್ನೂ ಕೊಡಲಿಲ್ಲ. ಅವನ ಕಾಲಲ್ಲಿದ್ದದ್ದು ನಾನು ಮಾಡಿಕೊಟ್ಟ ಚಪ್ಪಲಿ. ಲಾರಿ ಟೈರಿನ ಅಟ್ಟೆ, ಹಸುವಿನ ಚರ್ಮದ ಪಟ್ಟಿ. ಊರಿಗೆಲ್ಲ ನಾನೇ ಕತ್ತರಿಸಿ ಕೊಡುವುದು. ಬಿಸಿ ಮಾಲಿನ ಮೇಲೆ ನಿಂತರೆ ಅಟ್ಟೆ ಕರಗಿ ಅಂಟಿಕೊಳ್ಳುತ್ತಿತ್ತು. ಕಿತ್ತು ಕಿತ್ತು ಹೆಜ್ಜೆ ಇಡಬೇಕು. ಅವನು ನನ್ನ ಅಂಗಡಿಗೆ ನೀರು ಕುಡಿಯಲು ಬಂದಾಗ ಹೇಳುತ್ತಿದ್ದ: "ಮಾಕ್ಲೋ ಮಾವ, ನೀವು ಕೊಟ್ಟ ಟೈರಿಗೆ ಅಲ್ಲಿ ಅಣ್ಣತಮ್ಮಂದಿರು ಸಿಕ್ಕವ್ರೆ. ಬಿಡಲ್ಲ ಅಂತವೆ."

"ನಿನ್ನನ್ನೂ ಹಿಡ್ಕೊಂಡಾವು, ಹುಷಾರು" ಅನ್ನುತ್ತಿದ್ದೆ ನಾನು.

"ನಿಮ್ಮ ಕಥೆ ನೋಡ್ಕೊಳ್ಳಿ. ಈ ರಸ್ತೆ ಆದ್ರೆ ಒಂದು ಪಂಕ್ಚರೂ ಬರಲ್ಲ. ಏನ್ಮಾಡ್ತೀರಿ?"

"ಮೊಳೆ ಚೆಲ್ತೀನಿ ಬಿಡೋ."

ಅವನು ನಗುತ್ತ ಕೆಮ್ಮುತ್ತಿದ್ದ. ಕೊನೆ ಕೊನೆಗೆ ನಗುವಿಗಿಂತ ಕೆಮ್ಮೇ ಉದ್ದವಾಗುತ್ತಿತ್ತು.

ಆ ಮಂಗಳವಾರ ಅವಸರ. ದೊಡ್ಡವರು ಯಾರೋ ರಾಜಧಾನಿಯಿಂದ ಉದ್ಘಾಟನೆಗೆ ಬರುವವರಿದ್ದರು. ಊಟಕ್ಕೂ ಬಿಡಲಿಲ್ಲ. ಗಾಳಿ ಇಲ್ಲ. ಹೊಗೆ ಮೇಲೇಳದೆ ಮಂಡಿ ಮಟ್ಟದಲ್ಲೇ ಮಲಗಿತ್ತು. ಕ್ರಿಸ್ಪಿನ್ ಕುಂಟೆ ಬಿಟ್ಟ. ಎದೆ ಹಿಡಿದುಕೊಂಡ. ಮುಖ ಕೆಳಗಾಗಿ ಮಾಲಿನ ಅಂಚಿನಲ್ಲಿ ಬಿದ್ದ. ನಾನು ಓಡಿದೆ. ನಮ್ಮ ಹುಡುಗರು ನನಗಿಂತ ಮೊದಲು ಓಡಿದರು. ಮಗುಚಿದರು. ಕೆನ್ನೆ ಬೆಂದಿತ್ತು. ಕಣ್ಣು ತೆರೆದಿತ್ತು, ಅದರಲ್ಲಿ ಅವನಿರಲಿಲ್ಲ. ನಾನು ಮೂಗಿಗೆ ಕೈ ಇಟ್ಟೆ, ಎದೆಗೆ ಕಿವಿ ಇಟ್ಟೆ. ಅವನು ಅಲ್ಲೇ ಮುಗಿದಿದ್ದ.

ಎತ್ತುವಾಗ ಎಡಗಾಲಿನ ಚಪ್ಪಲಿ ಮಾಲಿಗೆ ಅಂಟಿ ಅಲ್ಲೇ ಉಳಿಯಿತು.

ಇಲಾರಿಯೋ ಕೂಗಿದ: "ಮರದ ಕೆಳಗೆ ಹಾಕಿ! ಬೇಗ! ಮಾಲು ತಣ್ಣಗಾದ್ರೆ ಕಲ್ಲಾಗುತ್ತೆ!" ಅವನು ರೋಲರಿನವನಿಗೆ ಕೈ ಬೀಸಿದ. ನಾನು "ಸ್ವಲ್ಪ ತಡೀರಪ್ಪಾ" ಅಂದೆ. ರೋಲರು ಬಂತು. ಚಪ್ಪಲಿಯ ಮೇಲೆ ಮಾಲು ಬಿತ್ತು. ಮಾಲಿನ ಮೇಲೆ ರೋಲರು ಹೋಯಿತು. ಹಿಂದಕ್ಕೆ ಬಂತು. ಮತ್ತೆ ಹೋಯಿತು. ಹುಣಸೆ ನೆರಳಲ್ಲಿ ಒಂಟಿ ಚಪ್ಪಲಿಯ ಹೆಣ. ಬಿಸಿಲಲ್ಲಿ ಹೊಳೆಯುವ ಕರೀ ರಸ್ತೆ.

ಸಂಜೆಯೊಳಗೆ ಕಂಪನಿಯ ಮಾತು ಊರೆಲ್ಲ ಹರಡಿತು. ಕ್ರಿಸ್ಪಿನ್ ಕೆಲಸದಲ್ಲಿ ಸಾಯಲಿಲ್ಲವಂತೆ. ಕುಡಿದು ಬಂದು, ಮರದ ಕೆಳಗೆ ಮಲಗಿ, ಅಲ್ಲೇ ಸತ್ತನಂತೆ. ಆಂಬುಲೆನ್ಸಿನವರು ಹೆಣ ಎತ್ತಿದ್ದು ಮರದ ಕೆಳಗಿಂದ ತಾನೆ, ಅದೇ ಸಾಕ್ಷಿಯಂತೆ.

ತೆಯೋದೋರಾ ಅಳಲಿಲ್ಲ. ಮಗನ ಬಲಗಾಲಿನ ಚಪ್ಪಲಿ ಬಿಚ್ಚಿ ದೇವರ ಮುಂದೆ, ಮೇಣದಬತ್ತಿಯ ಪಕ್ಕ ಇಟ್ಟಳು. ಅವನನ್ನು ಬರಿಗಾಲಲ್ಲೇ ಹೂಳಿದಳು. "ಒಂಟಿ ಚಪ್ಪಲೀಲಿ ಕಳ್ಸಲ್ಲ. ಜೋಡಿ ಸಿಗ್ಲಿ" ಅಂದಳು.

ನಮ್ಮಲ್ಲಿ ಮನುಷ್ಯ ಸತ್ತರೆ ದೇಹ ಗುಂಡಿಗೆ ಹೋಗುತ್ತದೆ. ನೆರಳು ಮಾತ್ರ ಪ್ರಾಣ ಹೋದ ಜಾಗದಲ್ಲೇ ಉಳಿಯುತ್ತದೆ. ಒಂಬತ್ತು ದಿನದ ಪ್ರಾರ್ಥನೆ ಆದ ಮೇಲೆ ಅದನ್ನು ಎಬ್ಬಿಸಬೇಕು. ಆ ಜಾಗದಲ್ಲಿ ಚೆಂಡುಹೂವಿನ ಶಿಲುಬೆ ಬರೆದು, ಹೆಸರು ಹಿಡಿದು ಕರೆದು, ಹಸಿರು ಸೊಪ್ಪಿನಿಂದ ಅಲ್ಲಿಯ ಮಣ್ಣು ಗುಡಿಸಿ ಸೋರೆ ಬುರುಡೆಗೆ ತುಂಬಬೇಕು. ಬಿಳಿ ಬಟ್ಟೆ ಮುಚ್ಚಿ ಗೋರಿಗೆ ಒಯ್ಯಬೇಕು. ದಾರಿಯಲ್ಲಿ ನಿಲ್ಲಬಾರದು, ತಿರುಗಿ ನೋಡಬಾರದು. ನಿಂತರೆ ನೆರಳು ಇಳಿದುಬಿಡುತ್ತದೆ. ಎಬ್ಬಿಸದೆ ಬಿಟ್ಟರೆ ಅದು ಮನೆ ಹುಡುಕುತ್ತ ಅಲೆಯುತ್ತದೆ.

ಕ್ರಿಸ್ಪಿನ್‌ನ ನೆರಳು ಡಾಂಬರಿನ ಕೆಳಗಿತ್ತು.

ಉದ್ಘಾಟನೆಗೆ ಮೊದಲೇ ಲಾರಿಗಳನ್ನು ಬಿಟ್ಟರು. ಹೊಸ ರಸ್ತೆ ಅವರು ಹೇಳಿದ ಹಾಗೇ ಆಯಿತು. ಸದ್ದಿಲ್ಲ. ಮೊದಲು ಬೆಟ್ಟದಾಚೆ ಲಾರಿ ಬಂದರೆ ಈಚೆ ಕೇಳುತ್ತಿತ್ತು. ಈಗ ಅದು ಹಾವಿನ ಹಾಗೆ ಬರುತ್ತಿತ್ತು, ಕಂಡಾಗಲೇ ತಿಳಿಯುತ್ತಿತ್ತು. ಕೋಳಿಗಳು ಸತ್ತವು. ಒಂದು ಕತ್ತೆ ಸತ್ತಿತು. ನಾಯಿಗಳು ತಿರುವಿನ ತನಕ ಬಂದು, ಕಾಲು ಹಿಂದೆಳೆದು ಕೂತುಬಿಡುತ್ತಿದ್ದವು.

ನಡುಮಧ್ಯಾಹ್ನ, ವಾಹನವೇ ಇಲ್ಲದ ಹೊತ್ತು, ನಾನು ಅಂಗಡಿಯಲ್ಲಿ ಟ್ಯೂಬಿಗೆ ತೇಪೆ ಹಾಕುತ್ತ ಕೂತಿರುವಾಗ ರಸ್ತೆಯ ಕಡೆಯಿಂದ ಕೇಳುತ್ತಿತ್ತು. ಚಟ್. ಆಮೇಲೆ ಏನಿಲ್ಲ. ಚಟ್. ಆಮೇಲೆ ಏನಿಲ್ಲ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು. ಲಾರಿಯ ಸದ್ದನ್ನೇ ನುಂಗುವ ರಸ್ತೆ ಆ ಸದ್ದನ್ನು ನುಂಗಲಿಲ್ಲ. ತಲೆ ಎತ್ತಿದರೆ ಬರೀ ಬಿಸಿಲು.

ಯಾರಿಗೂ ಹೇಳಲಿಲ್ಲ. ಒಂದು ದಿನ ತೆಯೋದೋರಾ ಒಣಮೀನಿನ ಬುಟ್ಟಿ ಹೊತ್ತು ಅಂಗಡಿಗೆ ಬಂದಳು. ಕೂರಲಿಲ್ಲ.

"ಮಾಕ್ಲೋ, ನಿಂಗೂ ಕೇಳುತ್ತಾ?"

ನಾನು ಕೈಯಲ್ಲಿದ್ದ ಟ್ಯೂಬು ಕೆಳಗಿಟ್ಟೆ.

"ಅಂಗಳದ ತನಕ ಬರ್ತಾನೆ. ಒಳಗೆ ಬರಲ್ಲ. ಕಾಲು ಸುಟ್ಟಿದೆ ಅನ್ಸುತ್ತೆ, ಕುಂಟ್ತಾನೆ. ಹೊಸ್ತಿಲಿಗೆ ನೀರಿಟ್ಟಿದ್ದೆ. ಬೆಳಿಗ್ಗೆ ನೋಡಿದ್ರೆ ನೀರಿನ ಮೇಲೆಲ್ಲ ಕರೀ ಪುಡಿ."

ಎಂಟನೇ ದಿನ ಇಂಜಿನಿಯರ್ ಉಗಾರ್ತೆ ಅವಳ ಮನೆಗೆ ಬಂದ. ತೊಳೆದ ಅಂಗಿ, ಮೆತ್ತನೆ ಮಾತು. ಜೊತೆಗೆ ಇಲಾರಿಯೋ. ಪ್ರಾರ್ಥನೆಗೆ ಬಂದಿದ್ದ ನಾವೆಲ್ಲ ಅಂಗಳದಲ್ಲಿ ಕೂತಿದ್ದೆವು.

"ನಿಮ್ಮ ಪದ್ಧತಿ ಬಗ್ಗೆ ನಮಗೆ ಗೌರವ ಇದೆಯಮ್ಮಾ. ಮರದ ಕೆಳಗೆ ಮಾಡ್ಕೊಳ್ಳಿ. ಹೂವು, ಮೇಣದಬತ್ತಿ, ವಾದ್ಯ, ಎಲ್ಲ ಕಂಪನಿ ಕಳಿಸುತ್ತೆ. ರಸ್ತೆ ಮೇಲೆ ಮಾತ್ರ ಬೇಡ. ಗುರುವಾರ ಉದ್ಘಾಟನೆ."

ತೆಯೋದೋರಾ ದೇವರ ಮುಂದಿದ್ದ ಚಪ್ಪಲಿ ತಂದು ಅವನ ಮುಂದಿಟ್ಟಳು.

"ಮರದ ಕೆಳಗೆ ಸತ್ತಿದ್ರೆ, ಇನ್ನೊಂದು ಎಲ್ಲಿ?"

"ಅಂದ್ರೆ?"

"ಇದರ ಜೋಡಿ. ಮರದ ಕೆಳಗೆ ಹುಡುಕ್ದೆ, ಸಿಗ್ಲಿಲ್ಲ. ನೀವೇ ಹುಡುಕಿ ಕೊಡಿ ಸಾಹೇಬ್ರೇ. ಕೊಟ್ರೆ ನೀವು ಹೇಳಿದ್ ಕಡೆ ಮಾಡ್ತೀನಿ."

ಉಗಾರ್ತೆ ಇಲಾರಿಯೋನ ಮುಖ ನೋಡಿದ. ಇಲಾರಿಯೋ ನೆಲ ನೋಡಿದ. ಹೊರಡುವಾಗ ಉಗಾರ್ತೆ ನನ್ನ ಹತ್ತಿರ ಬಗ್ಗಿ ಹೇಳಿದ: "ಅಜ್ಜಾ, ನಿನ್ನ ಅಂಗಡಿ ಇರೋದು ರಸ್ತೆಯ ಜಾಗದಲ್ಲಿ. ಇಷ್ಟು ದಿನ ಯಾರೂ ಕೇಳಿಲ್ಲ. ಯಾರಾದ್ರೂ ವಿಚಾರಿಸಿದ್ರೆ ಮರದ ಕೆಳಗೆ ನೋಡ್ದೆ ಅನ್ನು. ನೋಡಿದ್ದೂ ನಿಜ ತಾನೆ?"

ಬುಧವಾರ ಒಂಬತ್ತನೇ ದಿನ. ಬಾಳೆಲೆಯಲ್ಲಿ ಸುತ್ತಿದ ಮೆಕ್ಕೆಜೋಳದ ಕಡುಬು, ತಮಾಲ್, ಬೆಂದಿತ್ತು. ಕಬ್ಬಿನ ಸಾರಾಯಿ ಬಂದಿತ್ತು. ತಿರುವಿನಲ್ಲಿ ಪೊಲೀಸರು ಕೋಲು ಹಿಡಿದು ಸಾಲಾಗಿ ನಿಂತಿದ್ದರು. ಹೆಂಗಸರು ಹೆದರಿದರು. "ಮರದ ಕೆಳಗೇ ಕರೆಯೋಣ. ಹೆಣ ಅಲ್ಲೂ ಮಲಗಿತ್ತಲ್ಲ, ಬಂದ್ರೂ ಬರಬಹುದು" ಅಂದರು. ತೆಯೋದೋರಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ನಮ್ಮೂರ ಪ್ರಾರ್ಥನೆಯಮ್ಮ ಎಫಿಗೇನಿಯಾ. ನನಗಿಂತ ಹಿರಿಯಳು. ಊರಿನ ಎಷ್ಟೋ ನೆರಳುಗಳನ್ನು ಎಬ್ಬಿಸಿದವಳು. ಹುಣಸೆಯ ಬುಡದಲ್ಲಿ ಹೂವಿನ ಶಿಲುಬೆ ಬರೆದಳು. ಕರೆದಳು. ಸೊಪ್ಪಿನಿಂದ ಗುಡಿಸಿದಳು. ಮಣ್ಣು ತುಂಬಿ ಬುರುಡೆಯನ್ನು ಕೈಯಲ್ಲಿ ತೂಗಿ ನೋಡಿದಳು. ನೆರಳು ಬಂದರೆ ಬುರುಡೆ ತುಂಬಿದ ಬಸುರಿಯ ಹೊಟ್ಟೆಯ ಹಾಗೆ ಭಾರ ಆಗುತ್ತದೆ. ಅವಳು ಮತ್ತೆ ಕರೆದಳು. ಮತ್ತೆ ತೂಗಿದಳು. ಆಮೇಲೆ ಮಣ್ಣನ್ನು ಮರದ ಬುಡಕ್ಕೇ ಸುರಿದಳು.

"ಬರೀ ಮಣ್ಣು" ಅಂದಳು. "ಇಲ್ಲಿಲ್ಲದೋನನ್ನ ಇಲ್ಲಿಂದ ಎಬ್ಬಿಸು ಅಂತೀರಲ್ಲ. ಇದು ಅವರ ಸುಳ್ಳು. ನನ್ನ ಬಾಯಲ್ಲಿ ಹೇಳಿಸ್ಬಿಟ್ರಿ. ಥೂ."

ಅಷ್ಟರಲ್ಲಿ ರಸ್ತೆಯ ಮೇಲೆ ಕೇಳಿತು. ಚಟ್. ಏನಿಲ್ಲ. ಚಟ್. ಈ ಸಲ ಎಲ್ಲರಿಗೂ ಕೇಳಿತು. ಸಾಲಿನಲ್ಲಿದ್ದ ಒಬ್ಬ ಪೊಲೀಸು ತಿರುಗಿ ನೋಡಿ, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ.

ಗುರುವಾರ ಬೆಳಿಗ್ಗೆ ತಿರುವಿನ ಆಚೆ ಶಾಮಿಯಾನ ಹಾಕಿದ್ದರು. ರಸ್ತೆಗೆ ಅಡ್ಡ ಕೆಂಪು ರಿಬ್ಬನ್ನು ಕಟ್ಟಿದ್ದರು. ಬ್ಯಾಂಡಿನವರು ಬಂದಿದ್ದರು, ಕ್ಯಾಮೆರಾದವರು ಬಂದಿದ್ದರು. ನಮ್ಮ ಗಂಡಸರಿಗೆ ಅವತ್ತು ಬಿಳಿ ಅಂಗಿ, ಹೊಸ ಬೂಟು, ಹೊಸ ಮಾಸ್ಕು ಕೊಟ್ಟು, ಕುಂಟೆ ಹಿಡಿಸಿ, ಚಿತ್ರಕ್ಕೆಂದು ಸಾಲಾಗಿ ನಿಲ್ಲಿಸಿದ್ದರು.

ತೆಯೋದೋರಾ ಊರ ಕಡೆಯಿಂದ ಬಂದಳು. ಕಂಕುಳಲ್ಲಿ ಚೆಂಡುಹೂ, ಮಗನ ಬಲಗಾಲಿನ ಚಪ್ಪಲಿ, ಕೈಯಲ್ಲಿ ಬುರುಡೆ. ಹಿಂದೆ ಎಫಿಗೇನಿಯಾ. ಅವರ ಹಿಂದೆ ಟೈರಿನಂಗಳದ ಹೆಂಗಸರು, ಅಂಗೈಗೆ ಬಟ್ಟೆ ಸುತ್ತಿಕೊಂಡವರು.

ಪೊಲೀಸು ಅಧಿಕಾರಿ ಅಡ್ಡ ಬಂದ. ಹೊರಗಿನವನು.

"ಎಲ್ಲಿಂದ ಬಂದೋರು ನೀವು? ಗುರುತಿನ ಕಾಗದ?"

"ಇದೇ ಊರು" ಅಂದಳು ತೆಯೋದೋರಾ.

"ಹಂಗಂತ ಎಲ್ರೂ ಅಂತಾರೆ. ರಾಷ್ಟ್ರಗೀತೆ ಹಾಡು ನೋಡೋಣ."

ಬ್ಯಾಂಡಿನವನೊಬ್ಬ ಕಿಸಕ್ಕನೆ ನಕ್ಕ. ತೆಯೋದೋರಾ ಬುರುಡೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಹಾಡಲ್ಲ."

"ಏನಂದೆ?"

"ಹಾಡಲ್ಲ ಅಂದೆ. ಅದನ್ನ ನನ್ ಮಗ ಪೂರ್ತಿ ಹಾಡಿದ್ದ. ಹಾಡಿದ್ಮೇಲೂ ಹೊಡೆದ್ರಿ. ಈ ರಸ್ತೆ ಕೆಳಗೆ ಮಲಗವ್ನೆ, ಮೇಲೆ ನೀನು ಬೂಟು ಹಾಕ್ಕೊಂಡು ನಿಂತಿದೀಯ. ಕಾಲು ತೆಗಿ."

ಅವನು ಕಾಲು ತೆಗೆಯಲಿಲ್ಲ. ಅವಳೇ ಅವನನ್ನು ಸುತ್ತಿ ಮುಂದೆ ನಡೆದಳು. ಇಲಾರಿಯೋ ನಮ್ಮ ಗಂಡಸರಿಗೆ ಕೂಗಿದ: "ನೋಡ್ತಾ ನಿಂತಿದೀರಲ್ಲ! ಎಳ್ದು ಹಾಕ್ರೋ ಆ ಮುದುಕಿಯರನ್ನ! ಇಲ್ದಿದ್ರೆ ಸೋಮವಾರದಿಂದ ಒಬ್ಬನಿಗೂ ಕೆಲ್ಸ ಇಲ್ಲ!"

ಒಂದು ಕುಂಟೆ ನೆಲಕ್ಕೆ ಬಿತ್ತು. ರಬ್ಬರಿನ ರಸ್ತೆ, ಅದೂ ಸದ್ದು ಮಾಡಲಿಲ್ಲ. ಆಮೇಲೆ ಇನ್ನೊಂದು. ಆಮೇಲೆ ಎಲ್ಲವೂ. ಒಬ್ಬೊಬ್ಬರಾಗಿ ಕೂತು ಹೊಸ ಬೂಟು ಬಿಚ್ಚಿದರು. ರಸ್ತೆಯ ಅಂಚಿನಲ್ಲಿ ಜೋಡಿ ಜೋಡಿಯಾಗಿ ಇಟ್ಟರು. ಬರಿಗಾಲಲ್ಲಿ ಎದ್ದು ನಿಂತರು.

ಉಗಾರ್ತೆ ಬೆವರುತ್ತ ನನ್ನ ಹತ್ತಿರ ಓಡಿಬಂದ. ತಿರುವಿನಾಚೆ ದೊಡ್ಡವರ ಕಾರುಗಳು ಬಂದು ನಿಲ್ಲುತ್ತಿದ್ದವು.

"ಅಜ್ಜಾ, ನೀನು ಹಿರಿಯ. ಇವರಿಗೆ ಹೇಳು. ಎಲ್ಲಿ ಸತ್ತ ಅವನು? ಹೇಳು!"

ನಾನು ಅಂಗಡಿಯೊಳಗೆ ಹೋದೆ. ಟೈರು ಮೀಟುವ ದೊಡ್ಡ ಹಾರೆ ತಂದೆ. ಮಂಡಿ ನೋಯುತ್ತಿತ್ತು, ನಿಧಾನ ನಡೆದೆ. ರಸ್ತೆಗಿಳಿದು ಆ ಜಾಗಕ್ಕೆ ಹೋಗಿ ನಿಂತೆ. "ಇಲ್ಲಿ" ಅಂದೆ. ಹಾರೆಯನ್ನು ತೆಯೋದೋರಾಳ ಕೈಗೆ ಕೊಟ್ಟೆ.

ಅವಳು ಎತ್ತಿ ಹಾಕಿದಳು. ರಸ್ತೆ ಹಾರೆಯನ್ನು ವಾಪಸ್ ಎಸೆಯಿತು. ಮತ್ತೆ ಹಾಕಿದಳು. ಮತ್ತೆ ಎಸೆಯಿತು. ಆಗ ನಮ್ಮ ಗಂಡಸರು ಬಂದರು. ಹಾರೆ ಕೈಯಿಂದ ಕೈಗೆ ಹೋಯಿತು. ಟೈರಿನಂಗಳದ ಹೆಂಗಸರು ಸೊಂಟದಿಂದ ಕೊಕ್ಕೆ ತೆಗೆದರು. ಬಿರುಕಿಗೆ ಕೊಕ್ಕೆ ಹಾಕಿ, ಮಂಡಿ ಊರಿ, ತಂತಿ ಎಳೆಯುವ ಹಾಗೆ ಎಳೆದರು. ಪೊಲೀಸರು ಅಧಿಕಾರಿಯ ಮುಖ ನೋಡಿದರು, ಅಧಿಕಾರಿ ಉಗಾರ್ತೆಯ ಮುಖ ನೋಡಿದ, ಉಗಾರ್ತೆ ಕ್ಯಾಮೆರಾಗಳನ್ನು ನೋಡಿದ. "ಬೇಗ ಮುಗಿಸ್ಲಿ ಬಿಡಿ, ಬೇಗ" ಅಂದ.

ರಸ್ತೆ ಚರ್ಮದ ಹಾಗೆ ಎದ್ದು ಬಂತು. ಅದರ ಅಡಿಮೈಗೆ ಅಂಟಿಕೊಂಡಿತ್ತು ಚಪ್ಪಲಿ. ಕರಗಿ, ಚಪ್ಪಟೆಯಾಗಿ, ಎಲ್ಲಿ ಚಪ್ಪಲಿ ಎಲ್ಲಿ ರಸ್ತೆ ತಿಳಿಯದ ಹಾಗೆ. ಆದರೆ ಪಟ್ಟಿಯ ಹೊಲಿಗೆ ನನ್ನದು. ನಾನೇ ಬಿಡಿಸಿ ಕೊಟ್ಟೆ.

ಯಾರೋ ಅದರ ಚಿತ್ರ ತೆಗೆದರು. ಇಲಾರಿಯೋ ಅಲ್ಲಿರಲಿಲ್ಲ.

ಎಫಿಗೇನಿಯಾ ಗುಂಡಿಯ ಸುತ್ತ ಹೂವಿನಿಂದ ಶಿಲುಬೆ ಬರೆದಳು. ಬಗ್ಗಿ ಕರೆದಳು. "ಏಳಪ್ಪಾ ಕ್ರಿಸ್ಪಿನ್. ಕೆಲ್ಸ ಮುಗೀತು. ಇದು ನಿನ್ ಜಾಗ ಅಲ್ಲ. ಅಮ್ಮ ಬಂದವ್ಳೆ, ಏಳು." ಅಡಿಯ ಮಣ್ಣನ್ನು ಸೊಪ್ಪಿನಿಂದ ಗುಡಿಸಿ ಬುರುಡೆಗೆ ತುಂಬಿದಳು. ತೂಗಲಿಲ್ಲ. ತೆಯೋದೋರಾಳ ಕೈಗಿಟ್ಟಳು. ಅವಳ ಕೈ ಕೆಳಗೆ ಜಗ್ಗಿತು. ಅವಳ ಬಾಯಿಂದ ಉಸಿರು ಬಂತು, ಹೊತ್ತ ನೀರು ಇಳಿಸಿದವರ ಹಾಗೆ.

ಗೋರಿಗೆ ದಾರಿ ರಸ್ತೆಯ ಮೇಲೇ. ಅವಳು ನಡೆದಳು, ನಾವೆಲ್ಲ ಹಿಂದೆ ನಡೆದೆವು. ಮುಂದೆ ಕೆಂಪು ರಿಬ್ಬನ್ನು. ಅದರಾಚೆ ಕತ್ತರಿ ಹಿಡಿದ ದೊಡ್ಡವರು. ನೆರಳು ಹೊತ್ತವರು ನಿಲ್ಲಬಾರದು, ಬಗ್ಗಬಾರದು. ಅವಳು ನಿಲ್ಲಲಿಲ್ಲ, ಬಗ್ಗಲಿಲ್ಲ. ರಿಬ್ಬನ್ನು ಅವಳ ಎದೆಗೆ ತಾಗಿ ಬಿಗಿಯಿತು, ಉಬ್ಬಿತು, ಹರಿಯಿತು. ಬ್ಯಾಂಡಿನವರು ಸೂಚನೆ ಅಂದುಕೊಂಡು ರಾಷ್ಟ್ರಗೀತೆ ಬಾರಿಸಿಬಿಟ್ಟರು. ದೊಡ್ಡವರು ಎದೆಗೆ ಕೈ ಇಟ್ಟು ನೆಟ್ಟಗೆ ನಿಂತರು. ನಾವು ಅವರ ನಡುವೆ ಹಾದುಹೋದೆವು. ಗೋರಿಯಲ್ಲಿ ಬುರುಡೆಯ ಮಣ್ಣು ಸುರಿದು, ಪಕ್ಕದಲ್ಲಿ ಚಪ್ಪಲಿಯ ಜೋಡಿ ಇಟ್ಟು ಮುಚ್ಚಿದೆವು.

ಶುಕ್ರವಾರ ನನ್ನ ಅಂಗಡಿ ಕೆಡವಿದರು. ಸೋಮವಾರ ಗಂಡಸರಿಗೆ ಕೆಲಸ ಇರಲಿಲ್ಲ. ಕಂಪನಿ ಇವತ್ತಿಗೂ ಮರದ ಕೆಳಗೆ ಅಂತಲೇ ಹೇಳುತ್ತದೆ. ನಾವು ಅಗೆದ ಗುಂಡಿಯನ್ನು ಅವಸರದಲ್ಲಿ ಬರೀ ಜಲ್ಲಿ, ಬರೀ ಡಾಂಬರು ಹಾಕಿ ಮುಚ್ಚಿದರು. ಅದು ಉಳಿದ ರಸ್ತೆಗೆ ಹೊಂದಲಿಲ್ಲ. ಲಾರಿಗಳು ಬೆಟ್ಟದಿಂದ ಸದ್ದಿಲ್ಲದೆ ಇಳಿಯುತ್ತವೆ. ಆ ತೇಪೆಯ ಮೇಲೆ ಬಂದಾಗ ಮಾತ್ರ ಧಡ್ ಅನ್ನುತ್ತವೆ. ನಾನೀಗ ತೆಯೋದೋರಾಳ ಅಂಗಳದಲ್ಲಿ ಕೂತು ಚಪ್ಪಲಿ ಕತ್ತರಿಸುತ್ತೇನೆ. ಅಲ್ಲಿಗೂ ಕೇಳುತ್ತದೆ. ಇನ್ನೊಂದು ಸದ್ದು ಕೇಳುವುದಿಲ್ಲ. ನಾಯಿಗಳು ರಸ್ತೆ ದಾಟುತ್ತವೆ.

ಉಗಾರ್ತೆ ಮುಂದಿನ ಬುಧವಾರ ಊರು ಬಿಟ್ಟು ಹೋದ. ಇಲಾರಿಯೋ ಯಾವಾಗ ಹೋದನೋ ಯಾರೂ ನೋಡಲಿಲ್ಲ. ಕ್ರಿಸ್ಪಿನ್ ಹೋದದ್ದು ಗುರುವಾರ, ಎಲ್ಲರೂ ನೋಡುತ್ತಿರುವಾಗ, ಎರಡೂ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು.